ಮೂರು ಚಕ್ರದ ಸ್ಟ್ರಾಲರ್: ನಮ್ಮ ಏರಿಗೆ, ಮಳೆಗೆ, ಉಪ್ಪುಗಾಳಿಗೆ ಯಾವುದು ಬಾಳುತ್ತದೆ?

ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ನೋಡಲು ಅಂಗಡಿಗೆ ಹೊರಡುವ ಮೊದಲು, ಮಗುವನ್ನು ದಿನವೂ ಕರೆದೊಯ್ಯಬೇಕೆಂದಿರುವ ದಾರಿಯಲ್ಲಿ ನೆಲ ನೋಡುತ್ತಾ ಒಮ್ಮೆ ನಡೆದು ಬನ್ನಿ. ಮಂಗಳೂರಿನ ಬಿಜೈ, ಕದ್ರಿ, ಬೆಂದೂರ್ ಕಡೆಯ ಒಳರಸ್ತೆಯಾದರೆ ಏರು ಮುಗಿಯುವ ಹೊತ್ತಿಗೆ ಇಳಿಜಾರು ಶುರು. ಫುಟ್‌ಪಾತ್ ಇದ್ದಲ್ಲಿ ನಾಲ್ಕು ಹೆಜ್ಜೆ ಇಂಟರ್‌ಲಾಕ್, ಮುಂದಿನ ನಾಲ್ಕು ಹೆಜ್ಜೆ ಚರಂಡಿಯ ಚಪ್ಪಡಿ, ಚಪ್ಪಡಿಗಳ ನಡುವೆ ಎರಡು ಬೆರಳು ಹೋಗುವಷ್ಟು ಸಂದು. ಉಡುಪಿಯ ರಥಬೀದಿಯಲ್ಲಿ ಗಾಡಿ ಸಲೀಸಾಗಿ ಹೋಗುತ್ತದೆ ನಿಜ, ಆದರೆ ಮನೆ ಇರುವುದು ಮಣಿಪಾಲದ ಇಳಿಜಾರಿನಲ್ಲೋ ಗದ್ದೆ ಬದಿಯ ಕೆಂಪು ಮಣ್ಣಿನ ರಸ್ತೆಯ ಕೊನೆಯಲ್ಲೋ ಆದರೆ ರಥಬೀದಿಯನ್ನು ಲೆಕ್ಕಕ್ಕೆ ಹಿಡಿದು ಗಾಡಿ ಕೊಂಡರೆ ಪ್ರಯೋಜನವಿಲ್ಲ. ನಿಮ್ಮ ದಾರಿಯಲ್ಲಿ ಅತಿ ಕೆಟ್ಟ 50 ಮೀಟರ್ ಯಾವುದೋ, ಗಾಡಿ ಆ 50 ಮೀಟರಿಗೆ ಸರಿಯಾಗಬೇಕು. ಮಾಲ್‌ನ ಟೈಲ್ಸ್ ಮೇಲೆ ಯಾವ ಗಾಡಿಯಾದರೂ ಓಡುತ್ತದೆ.

ಆ 50 ಮೀಟರಿನಲ್ಲಿ ಮಣ್ಣು, ಜಲ್ಲಿ, ಹೊಂಡ, ಏರು ಇದ್ದರೆ ದೊಡ್ಡ ಚಕ್ರದ ಮೂರು ಗಾಲಿಯ ಗಾಡಿಗೆ ಕೊಟ್ಟ ಹಣ ಸಾರ್ಥಕ. ಫ್ಲ್ಯಾಟಿನ ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಮಾಲಿಗೆ ಅಥವಾ ಮದುವೆ ಹಾಲಿಗೆ, ಇಷ್ಟೇ ಓಡಾಟವಾದರೆ 6 ಕೆ.ಜಿ. ತೂಕದ ಸಣ್ಣ ನಾಲ್ಕು ಚಕ್ರದ ಗಾಡಿಯೇ ಸಾಕು. ನೋಡಲು ಚೆಂದವಿದೆ ಎಂದು 12 ಕೆ.ಜಿ.ಯದ್ದನ್ನು ತಂದರೆ ಡಿಕ್ಕಿಗೆ ಎತ್ತಿಹಾಕಿ ಇಳಿಸುವುದರಲ್ಲೇ ಸೊಂಟ ಹೋಗುತ್ತದೆ, ಎರಡನೇ ತಿಂಗಳಿಗೆ ಅದು ಮಂಚದಡಿ ಸೇರುತ್ತದೆ.

ಮೂರು ಚಕ್ರ ಎಂದರೆ ಒಂದೇ ಜಾತಿ ಅಲ್ಲ

ಅಂಗಡಿಯಲ್ಲಿ ಈ ಹೆಸರಿನಲ್ಲಿ ಸಿಗುವವು ಬೇರೆ ಬೇರೆ ಸಾಮಾನು. ಒಂದು, ಓಡುವುದಕ್ಕೆಂದೇ ಮಾಡಿದ ಜಾಗಿಂಗ್ ಸ್ಟ್ರಾಲರ್. 12ರಿಂದ 16 ಇಂಚಿನ ಚಕ್ರ, ಗಾಳಿ ತುಂಬುವ ಟೈರು, ಹಿಂದೆ ಸ್ಪ್ರಿಂಗ್, ಹಿಡಿಯಲ್ಲಿ ಕೈಬ್ರೇಕು, ತಳ್ಳುವವರ ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ. ಅಮೆರಿಕದ ಫಿಲ್ ಬೆಕ್ಲರ್ ಎಂಬವರು ಮಗುವನ್ನು ಕೂರಿಸಿಕೊಂಡೇ ಓಡಬೇಕೆಂದು ಸ್ಟ್ರಾಲರಿಗೆ ಸೈಕಲ್ ಚಕ್ರ ಜೋಡಿಸಿ, 1984ರಲ್ಲಿ ಅದನ್ನೇ ಉದ್ಯಮ ಮಾಡಿದರು. ಇವತ್ತಿನ ಜಾಗಿಂಗ್ ಗಾಡಿಗಳೆಲ್ಲ ಆ ಬಳ್ಳಿಯವು. ಎರಡನೆಯದು ನಡಿಗೆಯ ಗಾಡಿ: ಆಕಾರ ಅದೇ, ಚಕ್ರ 8ರಿಂದ 12 ಇಂಚು, ಕೈಬ್ರೇಕು ಇಲ್ಲ. ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಬೇಕಾಗುವುದು ಇದೇ. ಮೂರನೆಯದರಲ್ಲಿ ಮೂರು ಕಾಲು ಇರುತ್ತದೆ, ಮುಂದಿನ ಕಾಲಿನಡಿ ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ಚಕ್ರಗಳ ಜೋಡಿ ಇರುತ್ತದೆ. ಮೂರು ಚಕ್ರದ ಯಾವ ಲಾಭವೂ ಅದರಲ್ಲಿಲ್ಲ, ಮಗುಚುವ ಅಪಾಯ ಮಾತ್ರ ಇದೆ. ಹಿಂದೆ ಹಿಡಿ ಇರುವ ಟ್ರೈಸಿಕಲ್ಲನ್ನೂ ಕೆಲವರು ಸ್ಟ್ರಾಲರ್ ಎಂದೇ ಮಾರುತ್ತಾರೆ. ಅದು ಗಟ್ಟಿಯಾಗಿ ಕೂರಲು ಕಲಿತ, ವರ್ಷ ತುಂಬುತ್ತ ಬಂದ ಮಗುವಿನ ಆಟದ ಸಾಮಾನು. ಅದರಲ್ಲಿ ಮಲಗಿಸಲಾಗದು, ಕೂಸಿಗೆ ಅದು ಬೇಡ.

ಮೂರು ಕಲ್ಲಿನ ಒಲೆ, ಮತ್ತು ಅದರ ಇನ್ನೊಂದು ಮುಖ

ಅಂಗಳದ ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರೆ ನೆಲ ಹೇಗಿದ್ದರೂ ಹಂಡೆ ಅಲುಗಾಡದು. ನಾಲ್ಕನೆಯ ಕಲ್ಲಿಟ್ಟರೆ ಯಾವುದೋ ಒಂದರ ಮೇಲೆ ಚಕ್ಕೆ ಇಡಬೇಕಾಗುತ್ತದೆ. ಗಾಡಿಗೂ ಇದೇ ನ್ಯಾಯ. ಹೊಂಡದ ರಸ್ತೆಯಲ್ಲಿ ನಾಲ್ಕು ಚಕ್ರದ ಗಾಡಿಯ ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ, ಫ್ರೇಮು ತಿರುಚಿಕೊಳ್ಳುತ್ತದೆ, ಮಗುವಿನ ತಲೆ ಆಕಡೆ ಈಕಡೆ ತೂಗುತ್ತದೆ. ಮೂರು ಚಕ್ರದ್ದರಲ್ಲಿ ಮೂರೂ ಸದಾ ನೆಲದಲ್ಲಿರುತ್ತವೆ. ತಿರುಗಿಸಲು ಮುಂದೆ ಒಂದೇ ಚಕ್ರ ಇರುವುದರಿಂದ ಒಂದು ಕೈಯಲ್ಲೂ ಸಲೀಸಾಗಿ ಸಾಗುತ್ತದೆ.

ಆದರೆ ಮಗುಚುವ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಹಿಂದಿನ ಎರಡು ಚಕ್ರಗಳ ನಡುವೆ 60 ಸೆಂ.ಮೀ. ಇದೆ, ಹಿಂದಿನ ಆ್ಯಕ್ಸಲ್ಲಿನಿಂದ ಮುಂದಿನ ಚಕ್ರಕ್ಕೆ 70 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ನಾಲ್ಕು ಚಕ್ರದ ಗಾಡಿಯಲ್ಲಿ ಮಗು ಎಲ್ಲಿ ವಾಲಿದರೂ ನಡುಗೆರೆಯಿಂದ ಅಂಚಿಗೆ 30 ಸೆಂ.ಮೀ. ಆಸರೆ ಉಂಟು. ಮೂರು ಚಕ್ರದ್ದರ ಆಸರೆ ತ್ರಿಕೋನ, ಮುಂದೆ ಹೋದಷ್ಟೂ ಸಪೂರ. ಗಾಡಿ ಮತ್ತು ಮಗುವಿನ ಒಟ್ಟು ಭಾರ ಹಿಂದಿನ ಆ್ಯಕ್ಸಲ್ಲಿನಿಂದ 25 ಸೆಂ.ಮೀ. ಮುಂದೆ ಬಿದ್ದರೆ ಅಲ್ಲಿ ಆಸರೆ ಸುಮಾರು 19 ಸೆಂ.ಮೀ. ಮಗು ಮುಂದಿನ ಅಡ್ಡಕಂಬಿಯ ಮೇಲೆ ಬಾಗಿ ಬೆಕ್ಕನ್ನು ಹಿಡಿಯಹೊರಟು ಭಾರ 45 ಸೆಂ.ಮೀ. ಮುಂದೆ ಬಂದರೆ ಉಳಿಯುವುದು 11 ಸೆಂ.ಮೀ.ಗೂ ಕಮ್ಮಿ. ಭಾರದ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದ್ದರೆ, ಸುಮ್ಮನೆ ಒರಗಿ ಕೂತ ಮಗುವಿನೊಂದಿಗೆ ನಾಲ್ಕು ಚಕ್ರದ್ದು ಪಕ್ಕಕ್ಕೆ ಮಗುಚಲು ಸುಮಾರು 29 ಡಿಗ್ರಿ ವಾಲಬೇಕು, ಮೂರು ಚಕ್ರದ್ದಕ್ಕೆ ಸುಮಾರು 19 ಡಿಗ್ರಿ ಸಾಕು.

ಹಾಗಾಗಿ ಮೂರು ಚಕ್ರದ್ದನ್ನು ಆರಿಸುವಾಗ ಸೀಟು ತಗ್ಗಿನಲ್ಲಿರಲಿ, ಹಿಂದಿನ ಚಕ್ರಗಳ ಅಂತರ ಅಗಲವಿರಲಿ, ಮಗುವಿನ ಕುಂಡೆ ಹಿಂದಿನ ಆ್ಯಕ್ಸಲ್ಲಿಗೆ ಹತ್ತಿರವಿರಲಿ. ಎತ್ತರದ ಸೀಟು ಊಟ ಮಾಡಿಸಲು ಅನುಕೂಲ ಎಂದು ಅಂಗಡಿಯವರು ಹೇಳಿದರೆ ಆ ಅನುಕೂಲ ಈ ಆಕಾರದ ಗಾಡಿಗೆ ಹೇಳಿದ್ದಲ್ಲ. ಫುಟ್‌ಪಾತಿನಿಂದ ಇಳಿಸುವಾಗ ಓರೆಯಾಗಿ ಇಳಿಸಬೇಡಿ. ಗಾಡಿಯನ್ನು ತಿರುಗಿಸಿ, ನೀವು ಮೊದಲು ಇಳಿದು, ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಇಳಿಸಿಕೊಳ್ಳಿ. ಒಂದು ಹಿಂದಿನ ಚಕ್ರ ಮಾತ್ರ ಕೆಳಗಿಳಿದ ಕ್ಷಣವೇ ಮೂರು ಚಕ್ರದ ಗಾಡಿ ಮಗುಚುವ ಕ್ಷಣ.

ಹಿಂದಕ್ಕೆ ಮಗುಚುವುದು ಬೇರೆ ಕಾರಣಕ್ಕೆ, ಹಿಡಿಗೆ ತೂಗುಹಾಕಿದ ಚೀಲದಿಂದ. ಬಟ್ಟೆ, ನೀರಿನ ಬಾಟಲಿ, ಬರುವಾಗ ಎರಡು ಕೆ.ಜಿ. ತರಕಾರಿ ಸೇರಿ 5 ಕೆ.ಜಿ. ಆದದ್ದು ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಇನ್ನೂ ಕಷ್ಟ: ಎಂಟು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ 55 ಸೆಂ.ಮೀ. ಎತ್ತರದ ಭಾರ ಸುಮಾರು 7 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಮಗುವನ್ನು ಎತ್ತಿಕೊಂಡ ಕೂಡಲೇ ಚೀಲದ ಭಾರಕ್ಕೆ ಗಾಡಿ ಮಲಗುತ್ತದೆ. ಸಾಮಾನು ಸೀಟಿನಡಿಯ ಬುಟ್ಟಿಗೇ ಹೋಗಲಿ. ಬುಟ್ಟಿಗೆ ಎಷ್ಟು ಕೆ.ಜಿ. ಎಂದು ಚೀಟಿಯಲ್ಲಿ ಬರೆದಿರುತ್ತಾರೆ, ಅದಕ್ಕಿಂತ ಹೆಚ್ಚು ತುಂಬಬೇಡಿ.

ಚಕ್ರ, ಟೈರು, ಗಾಳಿ

ಗಾಡಿಯ ಗುಣವೆಲ್ಲ ಇಲ್ಲಿಯೇ ಇದೆ. 4 ಸೆಂ.ಮೀ. ಎದ್ದ ಚಪ್ಪಡಿಯ ಅಂಚನ್ನು ಹತ್ತಿಸಬೇಕು ಎನ್ನಿ. 6 ಇಂಚಿನ, ಅಂದರೆ 15 ಸೆಂ.ಮೀ. ವ್ಯಾಸದ ಚಕ್ರವನ್ನು ನೇರವಾಗಿ ತಳ್ಳಿ ಹತ್ತಿಸಲು ಆ ಚಕ್ರದ ಮೇಲಿರುವ ಭಾರದ ಸುಮಾರು 1.9 ಪಟ್ಟು ಬಲ ಬೇಕು. 12 ಇಂಚಿನ ಚಕ್ರಕ್ಕೆ ಸುಮಾರು 0.9 ಪಟ್ಟು. ಅರ್ಧಕ್ಕರ್ಧ ವ್ಯತ್ಯಾಸ. ಸಣ್ಣ ಚಕ್ರ ಅಂಚಿಗೆ ತಾಗಿ ಗಕ್ಕನೆ ನಿಂತಾಗ ಮಗು ಬೆಲ್ಟಿಗೆ ಮುಗ್ಗರಿಸುವುದು ಇದರಿಂದಲೇ. ಚಪ್ಪಡಿಯ ಸಂದಿನಲ್ಲೂ ಸಣ್ಣ ಚಕ್ರ ಸಿಕ್ಕಿಬೀಳುತ್ತದೆ, ದೊಡ್ಡದು ದಾಟಿಹೋಗುತ್ತದೆ. ನಮ್ಮ ಫುಟ್‌ಪಾತುಗಳಿಗೆ ಮುಂದಿನ ಚಕ್ರ 10 ಇಂಚಿಗೆ ಕಮ್ಮಿಯಾಗದಿರಲಿ, ಹಿಂದಿನವು 12 ಇದ್ದರೆ ಒಳ್ಳೆಯದು.

ಟೈರಿನಲ್ಲಿ ಮೂರು ಬಗೆ. ಗಾಳಿಯದ್ದು ಮೃದು, ಹೊಂಡದ ಪೆಟ್ಟನ್ನು ನುಂಗುತ್ತದೆ, ಪಂಕ್ಚರ್ ಆಗುತ್ತದೆ. ಫೋಮ್ ತುಂಬಿದ ರಬ್ಬರ್ ಟೈರು ಪಂಕ್ಚರ್ ಆಗದು, ಸ್ವಲ್ಪ ಗಡಸು, ತೂಕ ಜಾಸ್ತಿ. ಬರೀ ಇವಿಎ ಎಂಬ ಪ್ಲಾಸ್ಟಿಕ್ ಫೋಮಿನದ್ದು ಹಗುರ, ಆದರೆ ಒದ್ದೆ ಇಂಟರ್‌ಲಾಕಿನ ಮೇಲೆ ಹಿಡಿತ ಕಮ್ಮಿ, ಜಲ್ಲಿಯಲ್ಲಿ ಚೂರು ಚೂರಾಗಿ ಕಿತ್ತುಬರುತ್ತದೆ. ಮಣ್ಣಿನ ರಸ್ತೆಯವರಿಗೆ ಗಾಳಿಯ ಟೈರೇ ಸರಿ ಎಂದು ನಮ್ಮ ಅಭಿಪ್ರಾಯ, ಆದರೆ ಟ್ಯೂಬು ಊರಲ್ಲಿ ಸಿಗುವ ಅಳತೆಯದ್ದಾಗಿರಬೇಕು. ಟೈರಿನ ಬದಿಯಲ್ಲಿ 12½ × 2¼ ಎಂದು ಬರೆದಿದ್ದರೆ ಚಿಂತೆಯಿಲ್ಲ. ಅದು ಸಣ್ಣ ಮಕ್ಕಳ ಸೈಕಲ್ಲಿನ ಅಳತೆ, ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಒಂದೇ ತೊಡಕು ವಾಲ್ವಿನದ್ದು. ಸ್ಟ್ರಾಲರಿನ ಚಕ್ರದೊಳಗೆ ಜಾಗ ಇಕ್ಕಟ್ಟಾದ್ದರಿಂದ ಅನೇಕ ಗಾಡಿಗಳ ಟ್ಯೂಬಿಗೆ ಬಾಗಿದ ವಾಲ್ವ್ ಇರುತ್ತದೆ. ಸೈಕಲ್ಲಿನ ನೇರ ವಾಲ್ವಿನ ಟ್ಯೂಬು ಹಾಕಿದರೆ ಪಂಪಿನ ಬಾಯಿ ಒಳಗೆ ಹೋಗದು. ಹಳೆಯ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ವಾಲ್ವ್ ಸ್ಕೂಟರಿನ ಬಗೆಯದ್ದೋ ಹಳೇ ಸೈಕಲ್ಲಿನ ಬಗೆಯದ್ದೋ ನೋಡಿಕೊಳ್ಳಿ. ಸ್ಟ್ರಾಲರುಗಳಲ್ಲಿ ಹೆಚ್ಚಾಗಿ ಇರುವುದು ಸ್ಕೂಟರಿನ ಬಗೆ, ಹಾಗಾಗಿ ಸ್ಕೂಟರಿಗೆ ಗಾಳಿ ಹಾಕುವ ಕಾಲು ಪಂಪು ಇದಕ್ಕೂ ಆಗುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಮಾತ್ರ ಬೇಡ. ಈ ಟ್ಯೂಬಿನಲ್ಲಿ ಹಿಡಿಸುವ ಗಾಳಿ ಅಷ್ಟೇ ಅಷ್ಟು. ದೊಡ್ಡ ಕಂಪ್ರೆಸರ್ ಒಂದೆರಡು ಸೆಕೆಂಡಿನಲ್ಲಿ ಮಿತಿ ದಾಟಿಸಿ ಟೈರನ್ನು ರಿಮ್ಮಿನಿಂದ ಎಬ್ಬಿಸಿಬಿಡುತ್ತದೆ. ಮಿತಿ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಟೈರಿನ ಬದಿಯಲ್ಲಿ ಉಬ್ಬಿದ ಅಕ್ಷರದಲ್ಲಿರುತ್ತದೆ, ಸಾಮಾನ್ಯವಾಗಿ 30ರ ಆಸುಪಾಸು. ಮೀಟರ್ ಇರುವ ಪಂಪಿನಲ್ಲಿ ಆ ಮಿತಿಗಿಂತ ನಾಲ್ಕೈದು ಕಮ್ಮಿ ಹಾಕಿದರೆ ಮಗುವಿಗೆ ಮೆತ್ತಗೆ, ರಿಮ್ಮಿಗೆ ಕ್ಷೇಮ. ಎರಡು ವಾರಕ್ಕೊಮ್ಮೆ ನೋಡಿ. ಗಾಡಿ ಒಂದೇ ಬದಿಗೆ ಎಳೆಯುತ್ತಿದೆ ಎಂಬ ದೂರಿಗೆ ಬಹಳ ಸಲ ಕಾರಣ ಹಿಂದಿನ ಎರಡು ಟೈರಿನ ಗಾಳಿಯಲ್ಲಿನ ವ್ಯತ್ಯಾಸ, ಅಷ್ಟೆ.

ಮುಂದಿನ ಚಕ್ರ

ಮುಂದಿನ ಚಕ್ರ ಸುತ್ತಲೂ ತಿರುಗುವುದು ಮತ್ತು ನೇರಕ್ಕೆ ಲಾಕ್ ಆಗುವುದು, ಎರಡೂ ಬೇಕು. ಅಂಗಡಿಯೊಳಗೆ, ಲಿಫ್ಟಿನಲ್ಲಿ, ಜನರ ನಡುವೆ ತಿರುಗಲಿ. ಜಲ್ಲಿ, ಮಣ್ಣು, ವೇಗದ ನಡಿಗೆ, ಇಳಿಜಾರು, ಇಲ್ಲೆಲ್ಲ ಲಾಕ್ ಮಾಡಿ. ತಿರುಗುವ ಚಕ್ರ ವೇಗ ಹೆಚ್ಚಾದಾಗ ಸೂಪರ್‌ಮಾರ್ಕೆಟಿನ ಟ್ರಾಲಿಯ ಚಕ್ರದಂತೆ ಪಟಪಟನೆ ನಡುಗಲು ತೊಡಗುತ್ತದೆ, ಸಣ್ಣ ಕಲ್ಲಿಗೆ ತಾಗಿದರೂ ಅಡ್ಡ ತಿರುಗಿ ಗಾಡಿಯನ್ನೇ ಮಗುಚಬಹುದು. ರಸ್ತೆ ಚರಂಡಿಯ ಕಡೆಗೆ ವಾಲಿದ್ದಾಗ ಗಾಡಿಯ ಮೂತಿ ತಾನಾಗಿ ಚರಂಡಿಯತ್ತ ಹೋಗುವುದೂ ಲಾಕ್ ಮಾಡದಿದ್ದರಿಂದ. ಲಾಕ್ ಮಾಡಿದ ಮೇಲೆ ತಿರುಗಿಸಲು ಹಿಡಿಯನ್ನು ಸ್ವಲ್ಪ ಒತ್ತಿ, ಮುಂದಿನ ಚಕ್ರ ಎರಡು ಬೆರಳು ಮೇಲೆದ್ದಾಗ ಹಿಂದಿನ ಚಕ್ರಗಳ ಮೇಲೆ ಗಾಡಿಯನ್ನು ತಿರುಗಿಸಿ. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಅನೇಕ ಗಾಡಿಗಳಲ್ಲಿ ಮುಂದಿನ ಚಕ್ರವನ್ನು ಸ್ಪ್ಯಾನರ್ ಇಲ್ಲದೆ, ಒಂದು ಲಿವರ್ ತೆರೆದು ಬಿಚ್ಚಬಹುದು. ಡಿಕ್ಕಿಗೆ ಹಾಕಲು ಇದು ಬಹಳ ಅನುಕೂಲ, ತಪ್ಪಾಗಿ ಹಾಕಿದರೆ ಬಹಳ ಅಪಾಯ. ಅಮೆರಿಕದಲ್ಲಿ ಮಾರಾಟವಾದ ಸುಮಾರು 5 ಲಕ್ಷ ಜಾಗಿಂಗ್ ಸ್ಟ್ರಾಲರುಗಳ ಮುಂದಿನ ಚಕ್ರ ಓಡುತ್ತಿರುವಾಗಲೇ ಕಳಚಬಹುದೆಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2018ರಲ್ಲಿ ತಯಾರಕರ ಮೇಲೆ ಮೊಕದ್ದಮೆಯನ್ನೇ ಹೂಡಿತ್ತು. ಜಗಳವಿದ್ದದ್ದು ಇದೇ ಲಿವರಿನ ಬಗ್ಗೆ. ಸರಿಯಾಗಿ ಹಾಕುವ ಕ್ರಮ ಹೀಗೆ. ಲಿವರ್ ಪೂರ್ತಿ ತೆರೆಯಿರಿ. ಆ್ಯಕ್ಸಲಿನ ಎರಡೂ ತುದಿ ಫೋರ್ಕಿನ (ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ ಕವಲಿನ) ಸಂದಿನ ಬುಡಕ್ಕೆ ಕೂತಿವೆಯೇ ಎಂದು ಎರಡೂ ಬದಿಯಿಂದ ಬಗ್ಗಿ ನೋಡಿ. ಒಂದು ಬದಿ ಕೂತು ಇನ್ನೊಂದು ಅರ್ಧ ಬೆರಳು ಕೆಳಗಿರುವುದು ಮಾಮೂಲು ತಪ್ಪು. ಇನ್ನೊಂದು ತುದಿಯ ನಟ್ಟನ್ನು ಎಷ್ಟು ತಿರುಗಿಸಬೇಕೆಂದರೆ, ಲಿವರನ್ನು ಮುಚ್ಚುವಾಗ ಅರ್ಧ ದಾರಿಯಲ್ಲಿ ಬಿಗಿ ಶುರುವಾಗಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಲಿವರಿನ ಗುರುತು ಬೀಳಬೇಕು. ಲಿವರನ್ನು ನಟ್ಟಿನ ಹಾಗೆ ಸುತ್ತ ತಿರುಗಿಸಿ ಬಿಗಿ ಮಾಡಿದರೆ ಅದು ಬಿಗಿ ಅಲ್ಲ, ಹತ್ತು ನಿಮಿಷದ ನಡಿಗೆಗೆ ಸಡಿಲಾಗುತ್ತದೆ. ಕೊನೆಗೆ ಗಾಡಿಯ ಮೂತಿಯನ್ನು ಎತ್ತಿ ಟೈರಿಗೆ ಮೇಲಿನಿಂದ ಕೆಳಕ್ಕೆ ಎರಡು ಏಟು ಕೊಡಿ. ಚಕ್ರ ಅಲುಗಬಾರದು. ಪ್ರತಿ ಸಲ ಹಾಕಿದಾಗಲೂ ಇದನ್ನು ಮಾಡಲೇಬೇಕು.

ಬ್ರೇಕು, ಇಳಿಜಾರು, ಪಾಚಿ

ಹಿಂದಿನ ಎರಡೂ ಚಕ್ರಗಳನ್ನು ಒಂದೇ ಪೆಡಲ್ ಹಿಡಿಯುವಂತಿರಲಿ. ಚಕ್ರಕ್ಕೊಂದರಂತೆ ಬೇರೆ ಬೇರೆ ಪೆಡಲ್ ಇದ್ದರೆ ಅವಸರದಲ್ಲಿ ಒಂದು ಉಳಿದುಹೋಗುತ್ತದೆ. ಈ ಬ್ರೇಕಿನೊಳಗೆ ಒಂದು ಪಿನ್ ಚಕ್ರದ ಹಲ್ಲುಗಳ ನಡುವೆ ಕೂರುತ್ತದೆ. ಪಿನ್ ಹಲ್ಲಿನ ತುದಿಯ ಮೇಲೆ ನಿಂತರೆ ಪೆಡಲ್ ಕೆಳಗಿಳಿದ ಹಾಗೆ ಕಂಡರೂ ಬ್ರೇಕು ಬಿದ್ದಿರುವುದಿಲ್ಲ. ಪೆಡಲ್ ಒತ್ತಿ ಗಾಡಿಯನ್ನು ಹಿಂದೆ ಮುಂದೆ ಒಂದಿಷ್ಟು ಅಲುಗಿಸಿ, ಟಕ್ ಎಂಬ ಶಬ್ದ ಕೇಳುವವರೆಗೆ ಕೈ ಬಿಡಬೇಡಿ. ಹವಾಯಿ ಚಪ್ಪಲಿ ಹಾಕಿದ ಕಾಲಿನಲ್ಲಿ ಪೆಡಲನ್ನು ಮೇಲೆತ್ತಲು ಆಗುತ್ತದೆಯೇ ಎಂದೂ ಅಂಗಡಿಯಲ್ಲೇ ನೋಡಿ. ನಮ್ಮ ಊರಲ್ಲಿ ಸಂಜೆಯ ಸುತ್ತಾಟಕ್ಕೆ ಶೂ ಹಾಕುವವರು ಎಷ್ಟು ಮಂದಿ?

ಗಾಡಿ, ಮಗು, ಸಾಮಾನು ಸೇರಿ 24 ಕೆ.ಜಿ. ಇದ್ದರೆ ಎಂಟಕ್ಕೆ ಒಂದರ ಇಳಿಜಾರಿನಲ್ಲಿ ಅದು ನಿಮ್ಮ ಕೈಯನ್ನು 3 ಕೆ.ಜಿ. ಬಲದಿಂದ ಎಳೆಯುತ್ತಿರುತ್ತದೆ. ದೊಡ್ಡ ಚಕ್ರ, ಒಳ್ಳೆಯ ಬೇರಿಂಗು ಇದ್ದಷ್ಟೂ ಕೈ ತಪ್ಪಿದರೆ ಬೇಗ ಓಡುತ್ತದೆ. ಮಣಿಕಟ್ಟಿನ ಪಟ್ಟಿಯನ್ನು ಇಳಿಜಾರಿನಲ್ಲಿ ಹಾಕಿಕೊಳ್ಳಲೇಬೇಕು. ದಿನವೂ ಇಂಥ ರಸ್ತೆಯಾದರೆ ಕೈಬ್ರೇಕಿನ ಗಾಡಿಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ.

ಮಳೆಗಾಲದಲ್ಲಿ ಇನ್ನೊಂದು ಸಂಗತಿ. ಬ್ರೇಕು ಹಿಡಿಯುವುದು ಚಕ್ರವನ್ನು, ಪಾಚಿಗಟ್ಟಿದ ಇಂಟರ್‌ಲಾಕಿನ ಮೇಲೆ ಚಕ್ರ ನಿಂತರೂ ಟೈರು ಜಾರುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ಬಿಟ್ಟು ಛತ್ರಿ ಮಡಚಲು, ಫೋನ್ ತೆಗೆಯಲು ಹೋಗಬೇಡಿ. ಬಿಡಲೇಬೇಕಾದರೆ ಇಳಿಜಾರಿನ ಕೆಳಬದಿಯಲ್ಲಿ ಗೋಡೆಯೋ ಕಂಪೌಂಡೋ ಇರುವಲ್ಲಿ ಮುಂದಿನ ಚಕ್ರವನ್ನು ಅದಕ್ಕೆ ತಾಗಿಸಿ, ಬ್ರೇಕು ಹಾಕಿ. ಅಡ್ಡಲಾಗಿ ನಿಲ್ಲಿಸಿದರೆ ಓಡುವುದಿಲ್ಲ ಎಂಬ ಉಪಾಯ ನಾಲ್ಕು ಚಕ್ರದ್ದಕ್ಕೆ ನಡೆಯಬಹುದು, ಮೂರು ಚಕ್ರದ್ದು ಮಗುಚೀತು.

ಮಗುವಿನ ವಯಸ್ಸು ಮತ್ತು ಸೀಟು

ಹೆರಿಗೆಗೆ ಮೊದಲೇ ಸ್ಟ್ರಾಲರ್ ತಂದಿಡುವ ಅವಸರ ಬೇಡ. ಬಾಣಂತನದ ದಿನಗಳಲ್ಲಿ ಮಗು ಹೊರಗೆ ಹೋಗುವುದೇ ಚುಚ್ಚುಮದ್ದಿಗೆ, ಅದೂ ಕೈಯಲ್ಲಿ. ಗಾಡಿ ನಿಜವಾಗಿ ಉರುಳುವುದು ಮೂರ್ನಾಲ್ಕು ತಿಂಗಳ ಮೇಲೆ. ಆಗಲೂ ಕತ್ತು ನಿಲ್ಲದ ಮಗುವಿಗೆ ಪೂರ್ತಿ ಮಲಗುವ ಸೀಟು ಬೇಕು. ಅರ್ಧ ಒರಗಿದ ಸೀಟಿನಲ್ಲಿ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಜಾಗಿಂಗ್ ಗಾಡಿಗಳಲ್ಲಿ ಬಹಳಷ್ಟು ಪೂರ್ತಿ ಮಲಗುವುದಿಲ್ಲ, ಅವು ಕೂರಲು ಕಲಿತ ಮಕ್ಕಳಿಗೆ. ಗಾಡಿಯೊಂದಿಗೆ ಓಡುವುದು ಆರು ತಿಂಗಳಿಗೆ ಮೊದಲು ಬೇಡವೇ ಬೇಡ, ಆಮೇಲೂ ಮಕ್ಕಳ ಡಾಕ್ಟರರನ್ನು ಕೇಳಿಯೇ. ಕೈಪಿಡಿಯಲ್ಲಿ ಓಡಬಹುದೆಂದು ಬರೆದಿರದಿದ್ದರೆ ಆ ಗಾಡಿ ನಡಿಗೆಯದ್ದು, ಚಕ್ರ ಮೂರಿದ್ದರೂ ಸರಿ.

ಬೆಲ್ಟು ಐದು ಕಡೆ ಹಿಡಿಯುವಂಥದ್ದೇ ಆಗಬೇಕು: ಎರಡು ಹೆಗಲು, ಎರಡು ಸೊಂಟ, ಒಂದು ಕಾಲುಗಳ ನಡುವೆ. ನಡುವಿನದ್ದನ್ನು ಬಿಟ್ಟರೆ ಮಗು ಕೆಳಗೆ ಜಾರಿ, ಹೆಗಲ ಪಟ್ಟಿ ಕುತ್ತಿಗೆಗೆ ಬರುತ್ತದೆ. ಬೆಲ್ಟಿನಡಿ ನಿಮ್ಮ ಒಂದು ಬೆರಳು ಹೋದರೆ ಸಾಕು, ಮುಷ್ಟಿ ಹೋಗಬಾರದು.

ಸೆಕೆಯ ಊರಿಗೆ ಸೀಟಿನ ಬೆನ್ನು, ಬದಿಗಳಲ್ಲಿ ಜಾಲರಿ ಇರಲಿ. ಬಿಸಿಲಿಗೆಂದು ಗಾಡಿಯ ಬಾಯಿಗೆ ಬೈರಾಸು, ಸೀರೆ ಹೊದಿಸುವುದನ್ನು ದಯವಿಟ್ಟು ಮಾಡಬೇಡಿ. ಎಷ್ಟು ತೆಳು ಬಟ್ಟೆಯಾದರೂ ಒಳಗೆ ಗಾಳಿ ನಿಂತು ಕಾವು ಏರುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ನೆರಳಿಗೆ ಉದ್ದದ ಮಾಡು ಇರುವ ಗಾಡಿ ಆರಿಸಿ, ಸಂಜೆ ಸೊಳ್ಳೆಗೆ ಪರದೆ ಹಾಕಿ.

ಡಿಕ್ಕಿ, ಲಿಫ್ಟು, ಮೆಟ್ಟಿಲು

ಮಡಚಿದ ಗಾಡಿಯ ಮೂರು ಅಳತೆ ಕೇಳಿಕೊಂಡು, ಅಷ್ಟೇ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮನೆಯಲ್ಲೇ ಡಿಕ್ಕಿಗಿಟ್ಟು ನೋಡಿ. ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ 12 ಇಂಚಿನ ಚಕ್ರದ ಗಾಡಿ ಹೆಚ್ಚಾಗಿ ಹಿಂದಿನ ಸೀಟಿಗೇ ಬರುತ್ತದೆ. ಲಿಫ್ಟಿನ ಬಾಗಿಲು 70 ಸೆಂ.ಮೀ. ಇದ್ದು ಗಾಡಿ 65 ಇದ್ದರೆ ದಿನವೂ ಬೆರಳಿನ ಗಂಟು ಕೆತ್ತಿಸಿಕೊಳ್ಳಬೇಕು. ರಿಕ್ಷಾದಲ್ಲಿ ಹೋಗುವವರು ಮಗುವನ್ನು ಮಡಿಲಲ್ಲಿ ಹಿಡಿದು ಗಾಡಿ ಮಡಚಲು ಇನ್ನೊಬ್ಬರು ಜೊತೆಗಿದ್ದರೆ ಮಾತ್ರ ದೊಡ್ಡ ಗಾಡಿ ಒಯ್ಯಿರಿ. ಸ್ಟ್ರಾಲರ್ ಕಾರ್ ಸೀಟ್ ಅಲ್ಲ, ವಾಹನದೊಳಗೆ ಮಗುವನ್ನು ಅದರಲ್ಲಿ ಕೂರಿಸುವ ಹಾಗಿಲ್ಲ. ಲಿಫ್ಟಿಲ್ಲದ ಮೂರನೇ ಮಹಡಿಯವರು ಈ ಜಾತಿಯ ಗಾಡಿಯ ಆಸೆ ಬಿಡುವುದೇ ಮೇಲು: 12 ಕೆ.ಜಿ. ಗಾಡಿ, 8 ಕೆ.ಜಿ. ಮಗು, ಒದ್ದೆ ಮೆಟ್ಟಿಲು.

ಮಡಚುವಾಗ, ಬಿಡಿಸುವಾಗ ಮಗು ಒಂದು ಕೈ ದೂರ ಇರಲಿ. ಮಡಿಕೆಯ ಸಂದಿನಲ್ಲಿ ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳಿಂದ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರಾಲರುಗಳನ್ನು ಹಿಂದೆ ಕರೆಸಿದ್ದರು. ಮೂರು ಚಕ್ರದ ಗಾಡಿಗಳ ಮಡಿಕೆ ಇನ್ನೂ ದಪ್ಪ, ಇನ್ನೂ ಬಲ.

ಬೂಷ್ಟು ಮತ್ತು ತುಕ್ಕು

ಅಂಗಡಿಗೆ ಹೋಗುವಾಗ ಫ್ರಿಜ್ಜಿಗೆ ಅಂಟಿಸುವ ಒಂದು ಆಯಸ್ಕಾಂತ ಕಿಸೆಯಲ್ಲಿಟ್ಟುಕೊಳ್ಳಿ. ಫ್ರೇಮಿಗೆ ಅದು ಗಟ್ಟಿಯಾಗಿ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಹೆಚ್ಚಾಗಿ ಅಲ್ಯುಮಿನಿಯಮ್. ಸುರತ್ಕಲ್, ತಣ್ಣೀರುಬಾವಿ, ಮಲ್ಪೆ, ಕಾಪು ಹೀಗೆ ಕಡಲ ಹತ್ತಿರದ ಮನೆಗಳಿಗೆ ಅಲ್ಯುಮಿನಿಯಮ್ಮೇ ಒಳ್ಳೆಯದು. ಕಬ್ಬಿಣದ್ದರಲ್ಲಿ ಬಣ್ಣ ಒಮ್ಮೆ ಗೀರಿದರೆ ಮುಂದಿನ ಮಳೆಗಾಲದೊಳಗೆ ಆ ಜಾಗ ಗುಳ್ಳೆಯೆದ್ದು ತುಕ್ಕು ಇಳಿಯುತ್ತದೆ. ಫ್ರೇಮು ಅಲ್ಯುಮಿನಿಯಮ್ ಆದರೂ ಆ್ಯಕ್ಸಲ್, ಸ್ಪ್ರಿಂಗ್, ಸ್ಕ್ರೂಗಳಿಗೂ ಆಯಸ್ಕಾಂತ ಹಿಡಿದು ನೋಡಿ, ಕೆಡುವುದು ಮೊದಲು ಅವೇ.

ಬೀಚಿಗೆ ಒಯ್ದರೆ ಸಡಿಲ ಮರಳಿನಲ್ಲಿ ತಳ್ಳಬೇಡಿ. ಒಂಟಿ ಮುಂದಿನ ಚಕ್ರ ನೇಗಿಲಿನಂತೆ ಊರಿಕೊಳ್ಳುತ್ತದೆ. ಗಾಡಿಯನ್ನು ತಿರುಗಿಸಿ, ಮೂತಿಯನ್ನು ಚೂರು ಎತ್ತಿ, ಹಿಂದಕ್ಕೆ ಎಳೆದುಕೊಂಡು ನಡೆಯಿರಿ. ಅಲೆಯ ನೀರಿಗೆ ಇಳಿಸಲೇಬಾರದು, ಉಪ್ಪುನೀರು ಬೇರಿಂಗಿನೊಳಗೆ ಹೋದರೆ ಕೆಲವೇ ವಾರದಲ್ಲಿ ಚಕ್ರ ಕರಕರ ಎನ್ನುತ್ತದೆ. ಮನೆಗೆ ಬಂದು ಚೊಂಬಿನಲ್ಲಿ ಸಿಹಿನೀರು ಹೊಯ್ದು ತೊಳೆದು, ಬಟ್ಟೆಯಲ್ಲಿ ಒರಸಿ. ಕಾರು ತೊಳೆಯುವ ರಭಸದ ನೀರು ಹಾಯಿಸಿದರೆ ಬೇರಿಂಗಿನ ಗ್ರೀಸೇ ಹೊರಟುಹೋಗುತ್ತದೆ. ಮಡಿಕೆಗಳಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ಬೇಡ, ಮರಳು, ಧೂಳು ಅಂಟಿಕೊಂಡು ಅರೆಯುವ ಕೆಲಸ ಮಾಡುತ್ತದೆ, ಇರುವೆಯೂ ಬರುತ್ತದೆ. ಸಿಲಿಕೋನ್ ಸ್ಪ್ರೇ ಒಂದು ಡಬ್ಬಿ ತಂದರೆ ವರ್ಷಗಟ್ಟಲೆ ಬರುತ್ತದೆ.

ಬಟ್ಟೆ ಪೂರ್ತಿ ಕಳಚಿ ಒಗೆಯಲು ಬರುವ ಗಾಡಿ ಅಲ್ಲದಿದ್ದರೆ ಈ ಕರಾವಳಿಗೆ ಅದು ಬೇಡ. ಆಟಿಯ ಮಳೆಗೆ ನೆನೆದ ಗಾಡಿಯನ್ನು ಹಾಗೇ ಮಡಚಿಟ್ಟರೆ ಮೂರ್ನಾಲ್ಕು ದಿನಕ್ಕೆ ಹೊಲಿಗೆಯ ಮಡಿಕೆಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು, ಮುಗ್ಗಲು ವಾಸನೆ. ಬಿಚ್ಚಿಟ್ಟು, ಫ್ಯಾನಿನಡಿ ಒಂದು ರಾತ್ರಿ ಬಿಡಿ. ಬೂಷ್ಟು ಬಂದರೆ ಸೋಪಿನ ನೀರಿನಲ್ಲಿ ಉಜ್ಜಿ, ಹೊಳವಾದ ದಿನ ಬಿಸಿಲಿಗೆ ಹಾಕಿ. ಚುಕ್ಕೆ ಪೂರ್ತಿ ಹೋಗದು, ವಾಸನೆ ಹೋದರೆ ಸಾಕು. ಬೆಲ್ಟಿಗೆ ಬ್ಲೀಚಿಂಗ್ ತಾಗಿಸಬೇಡಿ, ನೂಲು ಬಲ ಕಳೆದುಕೊಳ್ಳುತ್ತದೆ. ಮಳೆಯ ಪ್ಲಾಸ್ಟಿಕ್ ಹೊದಿಕೆಗೆ ಎರಡೂ ಬದಿ ಗಾಳಿಗಂಡಿ ಇರಲಿ, ಮಳೆ ನಿಂತ ಕೂಡಲೇ ತೆಗೆಯಿರಿ. ತಳ್ಳುವವರಿಗೆ ಛತ್ರಿಗಿಂತ ರೈನ್‌ಕೋಟ್ ಮೇಲು, ಎರಡೂ ಕೈ ಹಿಡಿಗೆ ಸಿಗುತ್ತದೆ. ಸಿಟೌಟಿನಲ್ಲೋ ಮೆಟ್ಟಿಲ ಕೆಳಗೋ ಇಟ್ಟ ಗಾಡಿಯನ್ನು ಮಳೆಗಾಲದಲ್ಲಿ ಕೊಡವದೆ, ಬುಟ್ಟಿಯೊಳಗೆ ಇಣುಕದೆ ಮಗುವನ್ನು ಕೂರಿಸಬೇಡಿ. ಜರಿ, ಚೇಳು ಬೆಚ್ಚಗಿನ ಜಾಗ ಹುಡುಕುವ ಕಾಲ ಅದು.

ಅಂಗಡಿಯಲ್ಲಿ, ಮತ್ತು ಗಲ್ಫಿನಿಂದ ಬಂದದ್ದಾದರೆ

ಖಾಲಿ ಗಾಡಿ ತಳ್ಳಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. 10 ಕೆ.ಜಿ. ಅಕ್ಕಿಯ ಚೀಲವನ್ನು ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ. ಒಂದು ಕೈಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸಿ. ಮುಂದಿನ ಚಕ್ರ ಲಾಕ್ ಮಾಡಿ ಸಮ ನೆಲದಲ್ಲಿ ಮೆಲ್ಲಗೆ ತಳ್ಳಿಬಿಡಿ, ಮೂರು ಮೀಟರಿನೊಳಗೆ ಅದು ಸ್ಪಷ್ಟವಾಗಿ ಒಂದು ಬದಿಗೆ ಹೊರಳಿದರೆ ಗಾಳಿ ಸರಿಮಾಡಿಸಿ ಇನ್ನೊಮ್ಮೆ ನೋಡಿ, ಆಗಲೂ ಹೊರಳಿದರೆ ಬೇಡ. ಬೇಸ್‌ಮೆಂಟಿನ ರ‍್ಯಾಂಪ್ ಇದ್ದರೆ ಅಲ್ಲಿ ಬ್ರೇಕು ಹಾಕಿ, ಮೂತಿ ಕೆಳಗೆ ಮಾಡಿ ಒಮ್ಮೆ, ಮೇಲೆ ಮಾಡಿ ಒಮ್ಮೆ ನಿಲ್ಲಿಸಿ. ಮನೆಯಲ್ಲಿ ತಳ್ಳುವವರಲ್ಲಿ ಅತಿ ಗಿಡ್ಡ ಇರುವವರು, ಹೆಚ್ಚಾಗಿ ಅಜ್ಜಿ, ಹಿಡಿಯನ್ನು ಒತ್ತಿ ಮೂತಿ ಎತ್ತಬಲ್ಲರೇ ಎಂದು ಅವರ ಕೈಯಲ್ಲೇ ಮಾಡಿಸಿ ನೋಡಿ.

ದುಬೈಯಿಂದಲೋ ಕುವೈತಿನಿಂದಲೋ ನೆಂಟರು ತಂದುಕೊಡುವ, ಬಳಸಿದ ಗಾಡಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಹೊಸತಲ್ಲ. ಒಳ್ಳೆಯ ಗಾಡಿಗಳೇ ಬರುತ್ತವೆ, ಆದರೆ ಅಲ್ಲಿನ ಕಾವಿಗೆ ಟೈರು ಒಳಗಿಂದ ಒಣಗಿರುತ್ತದೆ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ, ಬದಿಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಟೈರು, ಟ್ಯೂಬು ಎರಡನ್ನೂ ಬದಲಿಸಿ. ಫ್ರೇಮಿನ ಹಿಂದಿನ ಕಾಲಿನ ಹತ್ತಿರ ಅಂಟಿಸಿದ ಚೀಟಿಯಲ್ಲಿ ಮಾಡೆಲ್ ಸಂಖ್ಯೆ, ತಯಾರಾದ ತಿಂಗಳು ಇರುತ್ತದೆ. ಆ ಸಂಖ್ಯೆಯನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ, ಹಿಂದೆ ಕರೆಸಿದ ಪಟ್ಟಿಯಲ್ಲಿದೆಯೇ ನೋಡಿ. ಯುರೋಪಿನ ಗಾಡಿಯಾದರೆ ಚೀಟಿಯಲ್ಲಿ ಇಎನ್ 1888, ಅಮೆರಿಕದ್ದಾದರೆ ಎಎಸ್‌ಟಿಎಂ ಎಫ್833 ಎಂಬ ಸುರಕ್ಷತಾ ಮಾನದಂಡದ ಹೆಸರು ಹುಡುಕಿ. ಬೆಲ್ಟಿನ ಬಕಲ್ ಹತ್ತು ಸಲ ಹಾಕಿ ತೆಗೆಯಿರಿ, ಒಂದು ಸಲ ತಾನಾಗಿ ಬಿಟ್ಟುಕೊಂಡರೂ ಗಾಡಿ ಬೇಡ. ಮುಂದಿನ ಚಕ್ರದ ಲಿವರ್, ನಟ್ಟು, ಅದರ ಎರಡು ಸಣ್ಣ ಸ್ಪ್ರಿಂಗುಗಳು ಎಲ್ಲ ಬಂದಿವೆಯೇ ಎಣಿಸಿಕೊಳ್ಳಿ. ವಿಮಾನಕ್ಕೆ ಹಾಕುವಾಗ ಬಿಚ್ಚಿದ ಇವು ಅಲ್ಲಿಯೇ ಡ್ರಾಯರಿನಲ್ಲಿ ಉಳಿದುಹೋಗುವುದುಂಟು. ಇಲ್ಲಿ ಅದೇ ಅಳತೆಯದ್ದು ಸಿಗದಿದ್ದರೆ ಹೊಂದುವ ಯಾವುದೋ ಬೋಲ್ಟು ಹಾಕಿಸಿ ಓಡಿಸುವ ಬದಲು, ಅಲ್ಲಿಂದ ತರಿಸಿಕೊಳ್ಳುವವರೆಗೆ ಗಾಡಿ ಬದಿಗಿಡಿ.